ವಾರಿಜಾ ಬರೆದ ದಾರಿಯಲ್ಲಿ ಒಂದು ಬಿಳಿ ಕೋಲು

ನಾನೊಂದು ಬಿಳಿ ಕೋಲು. ನನ್ನನ್ನು ಯಾರಾದರೂ ಊರುಗೋಲು ಎಂದರೆ ಮೈಯೆಲ್ಲ ಉರಿಯುತ್ತದೆ. ಊರುಗೋಲು ಭಾರ ಹೊರುತ್ತದೆ, ನಾನು ದಾರಿ ನೋಡುತ್ತೇನೆ. ಕಣ್ಣು ನನಗೂ ಇಲ್ಲ. ನೆಲಕ್ಕೆ ತುದಿ ತಾಗಿಸಿ, ಕಲ್ಲೋ ಗುಂಡಿಯೋ ಸಗಣಿಯೋ ಎಂದು ಹಿಡಿದ ಕೈಗೆ ತಿಳಿಸುತ್ತೇನೆ. ಆ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದೇನೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನಾನು ಹುಟ್ಟಿದ್ದು ತಗಡಿನ ಶೆಡ್ಡೊಂದರಲ್ಲಿ. ಅಲ್ಯುಮಿನಿಯಂ ಕೊಳವೆಯನ್ನು ನಾಲ್ಕು ತುಂಡು ಮಾಡಿ, ಒಳಗೆ ಎಲಾಸ್ಟಿಕ್ ದಾರ ಎಳೆದು ಬಿಗಿದರು. ಮಡಚಿದರೆ ಕೈಚೀಲದಲ್ಲಿ ಕೂರುತ್ತೇನೆ, ಬಿಟ್ಟರೆ ಟಪಟಪನೆ ನೆಟ್ಟಗಾಗುತ್ತೇನೆ. ಮೇಲೆ ರಬ್ಬರಿನ ಹಿಡಿ, ಕೆಳಗೆ ನೈಲಾನಿನ ತುದಿ.

ನನ್ನ ಮೊದಲ ಒಡೆಯರು ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು. ಒಂದು ಸಮಾರಂಭದಲ್ಲಿ ಹಾರ, ಭಾಷಣ, ಫೋಟೋ ಎಲ್ಲ ಮುಗಿಸಿ ನನ್ನನ್ನು ಅವರ ಕೈಗಿಟ್ಟರು. ಅವರ ಕಣ್ಣು ಪೂರ್ತಿ ಮಂಜಾಗಿತ್ತು, ಬಿಗುಮಾನ ಮಾತ್ರ ಇಳಿದಿರಲಿಲ್ಲ. "ಇದನ್ನ ಹಿಡ್ಕೊಂಡು ಬೀದಿಗಿಳಿದ್ರೆ ನಾನು ಕುರುಡ ಅಂತ ಡಂಗುರ ಹೊಡೆಸಿದ ಹಾಗೆ" ಎಂದು ಬಾಗಿಲ ಹಿಂದೆ ನಿಲ್ಲಿಸಿಬಿಟ್ಟರು. ಮಹಡಿಯಲ್ಲಿ ಹಪ್ಪಳ ಒಣಗಿಸುವಾಗ ಅವರ ಹೆಂಡತಿ ನನ್ನಿಂದ ಕಾಗೆ ಓಡಿಸುತ್ತಿದ್ದರು. ಅಯ್ಯೋ ನನ್ನ ಕರ್ಮವೇ, ದಾರಿ ತೋರಿಸಲು ಹುಟ್ಟಿದವನು ಎರಡು ವರ್ಷ ಹಪ್ಪಳ ಕಾದೆ.

ಆ ಮನೆಗೆ ಒಂದು ದಿನ ಬೆತ್ತದ ಕುರ್ಚಿ ಹೆಣೆಯಲು ನಿಂಗರಾಜಯ್ಯ ಬಂದರು. ಹುಟ್ಟಿನಿಂದಲೇ ಕಣ್ಣಿಲ್ಲದವರು. ಸರ್ಕಾರಿ ಕಚೇರಿಗಳಲ್ಲಿ ಕುರ್ಚಿಗೆ ಬೆತ್ತ ಹೆಣೆಯುವುದೇ ಅವರ ನೌಕರಿ, ಭಾನುವಾರ ಮನೆಗಳಿಗೂ ಹೋಗುತ್ತಿದ್ದರು. ಅವರ ಬಿದಿರಿನ ಕೋಲು ಸೀಳಿಹೋಗಿತ್ತು. ಮೇಷ್ಟ್ರ ಹೆಂಡತಿ ನನ್ನನ್ನು ತಂದುಕೊಟ್ಟರು. ನಿಂಗರಾಜಯ್ಯ ನನ್ನನ್ನು ಬಿಚ್ಚಿ ಎದೆಗೆ ಹಿಡಿದು ಅಳೆದರು. "ನನ್ನ ಅಳತೆ ತಗೊಂಡೇ ಮಾಡಿಸ್ದಂಗಿದೆ ಕಣಮ್ಮ" ಎಂದರು. ಆ ಅಂಗೈ ಬೆತ್ತ ಎಳೆದೆಳೆದು ಗಟ್ಟಿಯಾಗಿತ್ತು. ಹಿಡಿತ ಮಾತ್ರ ಮೆತ್ತಗೆ. ಅವತ್ತಿನಿಂದ ನಾನು ಅವರವನಾದೆ.

ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಒಂದು ಸ್ಟವ್, ಒಂದು ರೇಡಿಯೋ. ನನ್ನನ್ನು "ಕಡ್ಡಿ" ಎಂದು ಕರೆಯುತ್ತಿದ್ದರು. "ನಡಿ ಕಡ್ಡಿ, ಸೊಪ್ಪು ತರೋಣ" ಎನ್ನುವರು. ನನಗೆ ಉತ್ತರ ಕೊಡುವ ಆಸೆ. ಟಕ್ ಎನ್ನುವುದು ಬಿಟ್ಟು ನನಗೇನು ಬರುತ್ತದೆ?

ಅವರಿಗಿದ್ದ ಒಂದೇ ಸಂತೋಷವೆಂದರೆ ಕಾಗದ. ಮಂಗಳೂರಿನ ವಾರಿಜಾ, ಮೈಸೂರಿನ ಅಂಧರ ಶಾಲೆಯಲ್ಲಿ ಅವರ ಸಹಪಾಠಿ. ಆಮೇಲೆ ಆಕೆ ತನ್ನೂರಿಗೆ ಹೋಗಿ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆದರು. ಮೂವತ್ತು ವರ್ಷದಿಂದ ಇಬ್ಬರೂ ಬ್ರೈಲ್ ಕಾಗದ ಬರೆಯುತ್ತಿದ್ದರು. ಫೋನ್ ಮಾಡಬಹುದಲ್ಲ ಎಂದರೆ ಆಕೆ ಒಪ್ಪುತ್ತಿರಲಿಲ್ಲ. "ಇಡೀ ದಿನ ಬೇರೆಯವರ ಮಾತು ಜೋಡಿಸಿ ಸಾಕಾಗಿದೆ, ನಮ್ಮದನ್ನು ಬರೆಯುವ" ಎಂದು ಬರೆದಿದ್ದರಂತೆ. ನಿಂಗರಾಜಯ್ಯ ಬರೆಯುವಾಗ ದಪ್ಪ ಹಾಳೆಯನ್ನು ಹಲಗೆಗೆ ಸಿಕ್ಕಿಸಿ, ಮೊನೆಯಿಂದ ಚುಚ್ಚುತ್ತಾ, ಒಂದೊಂದು ಮಾತನ್ನೂ ಬಾಯಲ್ಲಿ ಗೊಣಗುವರು. ಓದುವಾಗಲೂ ಹಾಗೆಯೇ. ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ನನಗೆ ಎಲ್ಲವೂ ಕೇಳುತ್ತಿತ್ತು. ಹೀಗಾಗಿ ಅವರ ಗುಟ್ಟು ನನಗೆ ಗೊತ್ತು.

ತಾವು ನಿವೃತ್ತಿಯಾದ ವರ್ಷ ದೀಪಾವಳಿಯ ಮಾರನೆಯ ದಿನ ಅವರು ಮೂರು ಹಾಳೆಯ ಕಾಗದ ಬರೆದರು. ನಾಲ್ಕು ಸಲ ಹರಿದು ಐದನೆಯ ಸಲ ಬರೆದದ್ದು. "ವಾರಿಜಾ, ಇನ್ನು ಒಬ್ಬೊಬ್ಬರೇ ಇರೋದು ಯಾಕೆ? ನೀನು ಇಲ್ಲಿಗೆ ಬಾ. ಇಲ್ಲ, ನಾನೇ ಅಲ್ಲಿಗೆ ಬರಲಾ?" ಉಳಿದದ್ದೆಲ್ಲ ಈ ಮಾತಿನ ಹಿಂದೆ ಮುಂದೆ ಸುತ್ತಿದ್ದು.

ಉತ್ತರ ಬರಲಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. "ಬೇಜಾರಾಯ್ತಾ?" ಎಂದು ಇನ್ನೂ ನಾಲ್ಕು ಸಣ್ಣ ಕಾಗದ ಹಾಕಿದರು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸ್ಟವ್ ಮೇಲಿನ ಹಾಲನ್ನೂ ಬಿಟ್ಟು ಬಾಗಿಲಿಗೆ ಓಡುವರು. ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ, "ಬೈಯ್ಯೋದಾದ್ರೆ ಎದುರಿಗೇ ಬೈಯ್ಲಿ. ಕಡ್ಡಿ, ಮಂಗಳೂರಿಗೆ ಹೋಗೋಣ" ಎಂದರು.

ರೈಲಿನಿಂದ ಮಂಗಳೂರಿನಲ್ಲಿ ಇಳಿದಾಗ ಬೆಳಿಗ್ಗೆ ಒಂಬತ್ತು ಗಂಟೆ. ಮಳೆ ನಿಂತಿತ್ತು. ಆಟೋದವರು ಮುತ್ತಿಕೊಂಡರು. "ಬೇಡಪ್ಪ, ನಡೀತೀನಿ. ದಾರಿ ಗೊತ್ತು" ಎಂದರು ನಿಂಗರಾಜಯ್ಯ. ಎಂದೂ ಕಾಲಿಡದ ಊರು! ಆದರೆ ಸುಳ್ಳೇನಲ್ಲ. ವಾರಿಜಾ ದಿನವೂ ಕಚೇರಿಯಿಂದ ಮನೆಗೆ ನಡೆಯುತ್ತಿದ್ದ ದಾರಿಯನ್ನು ಮೆಟ್ಟಿಲು, ಇಳಿಜಾರು, ವಾಸನೆ, ಸದ್ದು ಸಮೇತ ಕಾಗದದಲ್ಲಿ ಬರೆದಿದ್ದರು. ಇವರು ಅದನ್ನು ಬಾಯಿಪಾಠ ಮಾಡಿದ್ದರು. ರೈಲು ನಿಲ್ದಾಣದಿಂದ ಕಚೇರಿಗೆ ಬರುವ ದಾರಿಯೂ ಅದರಲ್ಲಿತ್ತು.

ಹಂಪನಕಟ್ಟೆಗೆ ಏರುವಷ್ಟರಲ್ಲಿ ನನಗೆ ಮೊದಲ ಅವಮಾನವಾಯಿತು. ಯಾರೋ ಪುಣ್ಯಾತ್ಮ ಬಂದು ನನ್ನ ಬಾಲವನ್ನು ಹಿಡಿದು, "ಬನ್ನಿ ಬನ್ನಿ, ನಾನು ದಾಟಿಸ್ತೇನೆ" ಎಂದು ಹಸುವಿನಂತೆ ಎಳೆದುಕೊಂಡು ಹೋದ. ಕಣ್ಣಿರುವವರ ಕಣ್ಣು ಕಿತ್ತುಕೊಂಡು ಹೀಗೆ ಎಳೆದರೆ ಒಪ್ಪುತ್ತಾರೆಯೇ? ರಸ್ತೆ ದಾಟಿಸಿ ಅವನು ಖುಷಿಯಾಗಿ ಹೋದ. ಇವರಿಗೆ ಆ ರಸ್ತೆಯನ್ನು ದಾಟುವುದೇ ಇರಲಿಲ್ಲ. ಮತ್ತೆ ಈಚೆಗೆ ಬರಲು ಕಾಲು ಗಂಟೆ ಹಿಡಿಯಿತು.

ಮಲ್ಲಿಗೆ ಮಾರುವವರ ಸಾಲು ಮೂಗಿಗೆ ಸಿಕ್ಕಿತು. "ಇದೆ ಕಣೋ ಕಡ್ಡಿ, ಬರೆದಂಗೇ ಇದೆ!" ಎಂದು ಅವರು ಮಗುವಿನಂತೆ ನಕ್ಕರು. ಅಲ್ಲಿಂದ ಎಪ್ಪತ್ತು ಹೆಜ್ಜೆಗೆ ವಾರಿಜಾ ಕೆಲಸ ಮಾಡಿದ ಕಚೇರಿ. ಮೂರು ಮೆಟ್ಟಿಲು, ಮೂರನೆಯದು ಮುರಿದದ್ದು. ಮುರಿದದ್ದನ್ನು ನಾನೇ ಹುಡುಕಿಕೊಟ್ಟೆ. ಅವರು ಕಾವಲುಗಾರನನ್ನು, "ಇಲ್ಲಿ ವಾರಿಜಾ ಅಂತ ಆಪರೇಟರ್ ಇದ್ರಲ್ಲ?" ಎಂದು ಕೇಳಿದರು. "ಯಾವ ವಾರಿಜಾ? ಈಗ ಆಪರೇಟರೇ ಇಲ್ಲ" ಎಂದ ಅವನು. ಇಪ್ಪತ್ತೊಂಬತ್ತು ವರ್ಷ ಆ ಮೆಟ್ಟಿಲು ಹತ್ತಿದವರ ಹೆಸರು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಿಂಗರಾಜಯ್ಯ ಆ ಮುರಿದ ಮೆಟ್ಟಿಲನ್ನು ನನ್ನಿಂದ ಇನ್ನೊಮ್ಮೆ ತಟ್ಟಿ ಇಳಿದರು.

ಆಮೇಲೆ ಒಂದು ಹೋಟೆಲಿಗೆ ಹೋದೆವು. ಮಾಣಿ ಬಂದು, "ಇವರಿಗೆ ಎಂತ ಬೇಕಂತೆ?" ಎಂದು ಕೇಳಿದ. ಯಾರನ್ನು ಕೇಳಿದನೋ! ಪಕ್ಕದಲ್ಲಿ ಯಾರೂ ಇರಲಿಲ್ಲ. ಬಾಳೆಹಣ್ಣಿನ ಬನ್ಸ್ ಬಂತು, ಕಾಫಿ ಬಂತು. ನನ್ನನ್ನು ಮಡಚಿ ಎದುರಿನ ಕುರ್ಚಿಯ ಮೇಲೆ ಇಟ್ಟಿದ್ದರು. ಸುತ್ತಲೂ ಜನ ತುಳುವಿನಲ್ಲಿ ಕೊಂಕಣಿಯಲ್ಲಿ ಮಾತಾಡಿ ನಗುತ್ತಿದ್ದರು. "ಬನ್ಸು ಸಿಹಿ ಕಣೋ" ಎಂದು ಅವರು ನನಗೆ ಹೇಳಿದರು. ಆಗ ನನಗೆ ಅಳು ಬಂದ ಹಾಗಾಯಿತು. ಒಬ್ಬ ಮನುಷ್ಯ ಇಡೀ ಊರಿನ ನಡುವೆ ಕೂತು ಕೋಲಿನ ಜೊತೆ ತಿಂಡಿಯ ರುಚಿ ಹಂಚಿಕೊಳ್ಳಬೇಕೇ?

ಮುಂದೆ ಇಳಿಜಾರು. ಸ್ಟೇಟ್‌ಬ್ಯಾಂಕ್ ಎಂದು ಕರೆಯುವ ಬಸ್ ನಿಲ್ದಾಣದಲ್ಲಿ ನಿರ್ವಾಹಕರು "ಸುರತ್ಕಲ್, ಸುರತ್ಕಲ್" ಎಂದು ಕೂಗುತ್ತಿದ್ದರು. ಅದನ್ನು ದಾಟಿ ಬಂದರಿನ ಗೋಡೌನುಗಳು, ಒಣಮೆಣಸು ಮತ್ತು ಕೊಬ್ಬರಿಯ ಘಾಟು. ನಿಂಗರಾಜಯ್ಯ ಸೀನಿದರು, ಸೀನುತ್ತಲೇ ನಕ್ಕರು. ಎಲ್ಲವೂ ಸರಿಯಾಗಿತ್ತು. ಇನ್ನು ಉಳಿದದ್ದು ಕೊನೆಯ ತಿರುವು. ವಾರಿಜಾ ಬರೆದಿದ್ದರು: "ಐಸ್ ಪುಡಿ ಮಾಡುವ ಮಿಷನ್ ಗರಗರ ಅನ್ನುತ್ತದೆ. ಅದು ನಿನ್ನ ಎಡಗಿವಿಗೆ ಬಂದ ಕೂಡಲೇ ಬಲಕ್ಕೆ ತಿರುಗು. ಇಪ್ಪತ್ತು ಹೆಜ್ಜೆಗೆ ನಮ್ಮ ಬೆಂಗ್ರೆಗೆ ಹೋಗುವ ಫೆರಿ ದೋಣಿ."

ನಡೆದೆವು. ಗರಗರ ಕೇಳಲಿಲ್ಲ. ಇನ್ನೂ ನಡೆದೆವು. ಗಾಳಿಯ ಸದ್ದು, ಎಲ್ಲೋ ಮರಕ್ಕೆ ಮರ ತಾಗುವ ಸದ್ದು. "ಇನ್ನೂ ಮುಂದಿರಬೇಕು" ಎಂದು ಅವರು ಹೆಜ್ಜೆ ಜೋರು ಮಾಡಿದರು. ಇದ್ದಕ್ಕಿದ್ದಂತೆ ನನ್ನ ತುದಿಗೆ ನೆಲ ಸಿಗಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದಿಲ್ಲ.

"ನಿಲ್ಲಿ! ನಿಲ್ಲಿ ಮಾರಾಯ್ರೆ! ಇನ್ನೊಂದು ಹೆಜ್ಜೆ ಇಟ್ರೆ ನೀರು!"

ಕೂಗಿದ್ದು ಅಲ್ಲೇ ಕೂತು ಬಲೆ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕರು. ಓಡಿಬಂದು ಇವರ ತೋಳು ಹಿಡಿದರು. ನಿಂಗರಾಜಯ್ಯ, "ಐಸ್ ಮಿಷನ್ ಎಲ್ಲಿ ಸ್ವಾಮಿ? ಅದರ ಸದ್ದು ಹಿಡಿದು ತಿರುಗಬೇಕಿತ್ತು" ಎಂದರು.

"ಆಟಿ ತಿಂಗಳ ಮಳೆಗಾಲದಲ್ಲಿ ಎಂತ ಐಸು? ಮೀನು ಹಿಡಿಯಲಿಕ್ಕೆ ಎರಡು ತಿಂಗಳು ಸರ್ಕಾರದ ನಿಷೇಧ ಉಂಟಲ್ಲ! ಬೋಟು ಎಲ್ಲ ಕಟ್ಟಿ ಹಾಕಿದ್ದಾರೆ, ಮಿಷನ್ ಬಂದ್. ನಿಮಗೆ ಇದು ಯಾರು ಹೇಳಿದ್ದು?"

ಯಾರು ಹೇಳುತ್ತಾರೆ? ವಾರಿಜಾ ಆ ಕಾಗದ ಬರೆದದ್ದು ಹಿಂದೆ ಯಾವುದೋ ವರ್ಷದ ಡಿಸೆಂಬರಿನಲ್ಲಿ. ಕರಾವಳಿಯವರಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ, ಮೈಸೂರಿನವರಿಗೆ ಕೇಳಬೇಕೆಂದು ತೋಚುವ ಸಂಗತಿಯೂ ಅಲ್ಲ. ನಿಂಗರಾಜಯ್ಯ ಅಲ್ಲೇ ಕೂತರು. ಕೈಗೆ ಬಲೆ ಸಿಕ್ಕಿತು, ಗಂಟುಗಳನ್ನು ಸವರಿದರು. "ನಾನೂ ಹೆಣೆಯೋನೇ ಸ್ವಾಮಿ, ಕುರ್ಚಿ" ಎಂದರು. "ಹೌದಾ? ಹಾಗಾದ್ರೆ ನಮ್ಮವರೇ ಆಯ್ತು" ಎಂದು ಮುದುಕರು ನೀರು ಕುಡಿಸಿದರು. ಆಮೇಲೆ ನನ್ನನ್ನು ಹಿಡಿಯದೆ, ತಮ್ಮ ಮೊಣಕೈಯನ್ನು ಕೊಟ್ಟು ಫೆರಿಗೆ ಹತ್ತಿಸಿದರು. ಆ ಊರಿನಲ್ಲಿ ನನ್ನ ಮರ್ಯಾದೆ ಉಳಿಸಿದವರು ಅವರೊಬ್ಬರೇ.

ಹೊಳೆಯ ಆಚೆ ಬೆಂಗ್ರೆ. ಮರಳು ದಾರಿ, ನಾನು ಎಷ್ಟು ತಟ್ಟಿದರೂ ಸದ್ದೇ ಇಲ್ಲ. ಬಾಗಿಲು ತೆರೆದದ್ದು ಚಂಚಲಾಕ್ಷಿ, ವಾರಿಜಾರ ತಮ್ಮನ ಸೊಸೆ. "ಅತ್ತೆ, ಮೈಸೂರಿಂದ ಯಾರೋ ಬಂದಿದ್ದಾರೆ!" ಎಂದು ಕೂಗಿದರು.

"ಯಾರು? ನಿಂಗನಾ?" ಒಳಗಿನಿಂದ ವಾರಿಜಾರ ಧ್ವನಿ ಬಂತು. "ನೀನು ಎಂತ ಮಾರಾಯ, ಒಬ್ಬನೇ ಬಂದದ್ದಾ? ನಡೆದುಕೊಂಡಾ?"

"ನೀನು ಬರೆದ ದಾರೀಲೇ ಬಂದೆ" ಎಂದರು ಇವರು. ನೀರಿಗೆ ಬೀಳುತ್ತಿದ್ದೆ ಎಂದು ಹೇಳಲಿಲ್ಲ. ಚಹಾ ಬಂತು. ಇವರು ಲೋಟ ಕೆಳಗಿಟ್ಟು ಕೇಳಿಯೇಬಿಟ್ಟರು, "ನನ್ನ ಮೇಲೆ ಕೋಪಾನಾ ವಾರಿಜಾ? ಒಂದು ಸಾಲಾದ್ರೂ ಬರೀಬಾರ್ದಾಗಿತ್ತಾ?"

"ಕೋಪ ಎಂತದ್ದು? ನನ್ನ ಬೆರಳು ಸತ್ತುಹೋಗಿದೆ ನಿಂಗ. ಸಕ್ಕರೆ ಕಾಯಿಲೆ. ನಿನ್ನ ಕಾಗದ ಬಂದಾಗೆಲ್ಲ ಬಿಡಿಸಿ ಸವರ್ತೇನೆ, ಬರೀ ಕಾಗದ. ಒಂದು ಚುಕ್ಕಿಯೂ ಬೆರಳಿಗೆ ಗೊತ್ತಾಗುದಿಲ್ಲ. ಈ ಮನೆಯಲ್ಲಿ ಕಣ್ಣಿದ್ದವರು ಐದು ಜನ ಇದ್ದಾರೆ, ಒಬ್ಬರಿಗೂ ಈ ಚುಕ್ಕಿ ಓದಲಿಕ್ಕೆ ಬರುದಿಲ್ಲ. ಓದದೆ ಉತ್ತರ ಎಂತ ಬರೆಯುದು?" ಬಿಸ್ಕತ್ತಿನ ಡಬ್ಬಿಯೊಂದರ ಮುಚ್ಚಳ ತೆರೆದ ಸದ್ದಾಯಿತು. "ಐದೂ ಇಲ್ಲೇ ಉಂಟು. ನೀನೇ ಓದಿ ಹೇಳು."

ಎಂಟು ತಿಂಗಳು ಇವರು ಉತ್ತರಕ್ಕೆ ಕಾದರು. ಪ್ರಶ್ನೆ ಆಕೆಗೆ ಇನ್ನೂ ತಲುಪಿಯೇ ಇರಲಿಲ್ಲ! ಈಗ ಓದಿ ನಿಂಗರಾಜಯ್ಯ, ಈಗಲಾದರೂ ಬಾಯಿಬಿಟ್ಟು ಕೇಳಿ ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಅವರು ಮೊದಲ ಹಾಳೆಯ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ವಾರಿಜಾ ಅಂದರು, "ಇಲ್ಲಿ ಎಲ್ಲ ಒಳ್ಳೆಯವರೇ. ಆದರೆ ಊಟಕ್ಕೂ ಮದ್ದಿಗೂ ನಾನು ಎಲ್ಲರಿಗೂ ತೊಂದರೆಯೇ. ನಿನಗೊಬ್ಬನಿಗೆ ಮಾತ್ರ ನನ್ನಿಂದ ಎಂತ ತೊಂದರೆಯೂ ಇಲ್ಲ. ಅದೊಂದು ಸಮಾಧಾನ ನನಗೆ."

ಹಾಳೆಯ ಮೇಲೆ ಸರಿಯುತ್ತಿದ್ದ ಬೆರಳು ನಿಂತಿತು. "ವಾರಿಜಾ," ಎಂದು ಅವರು ಓದಿದರು, "ಇಲ್ಲಿ ಚಳಿ ಶುರುವಾಗಿದೆ. ಅವರೆಕಾಯಿ ಬಂದಿದೆ. ನಾನು ಚೆನ್ನಾಗಿದ್ದೀನಿ."

ಥೂ! ಮೂವತ್ತು ವರ್ಷದ ಮಾತನ್ನು ಅವರೆಕಾಯಿ ಮಾಡಿಬಿಟ್ಟರಲ್ಲ! ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

"ಇಷ್ಟೇಯಾ? ಮೂರು ಹಾಳೆ ಉಂಟಲ್ಲ."

"ಮಿಕ್ಕಿದ್ದೂ ಅದೇ. ಅವರೆಕಾಯಿ ವಿಚಾರ."

"ಮೂರು ಹಾಳೆ ಅವರೆಕಾಯಿಯಾ?" ಎಂದು ವಾರಿಜಾ ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಕೈ ಚಾಚಿ ಹಾಳೆ ತೆಗೆದುಕೊಂಡು ಮುಖದ ಹತ್ತಿರ ಒಯ್ದರು. ತುಟಿಗೆ ಕಾಗದ ಉಜ್ಜುವ ಸಣ್ಣ ಸದ್ದು ಕೇಳಿತು. "ಅಯ್ಯೋ, ಇಲ್ಲಿ ಚುಕ್ಕಿ ಗೊತ್ತಾಗ್ತದೆ. ಅಕ್ಷರ ತಿಳಿಯುದಿಲ್ಲ, ಚುಕ್ಕಿ ಇರುದು ಗೊತ್ತಾಗ್ತದೆ" ಎಂದರು. "ಇದು ನನ್ನ ಹತ್ತಿರವೇ ಇರಲಿ."

ನಿಂಗರಾಜಯ್ಯ ಫೆರಿಗೆ ಹೊತ್ತಾಯಿತೆಂದು ಎದ್ದರು. ಹೊಳೆ ದಾಟಿ, ಅದೇ ಗೋಡೌನು, ಅದೇ ಏರು, ಅದೇ ಮಲ್ಲಿಗೆ ಸಾಲು. ಬರುವಾಗ ಎಲ್ಲಕ್ಕೂ ನಕ್ಕವರು ಹೋಗುವಾಗ ಹೆಜ್ಜೆ ಎಣಿಸುತ್ತಾ ನಡೆದರು. ರೈಲು ಬರುವವರೆಗೆ ಪ್ಲಾಟ್‌ಫಾರ್ಮಿನಲ್ಲಿ ನನ್ನ ಹಿಡಿಯ ಮೇಲೆ ಗಲ್ಲವೂರಿ ಕೂತಿದ್ದರು. ರಬ್ಬರು ಒದ್ದೆಯಾಯಿತು. ಊರುಗೋಲಿನಂತೆ ಅವರ ಭಾರವನ್ನು ಹೊತ್ತೆ, ಅವತ್ತು ನನಗೆ ಬೇಸರವಾಗಲಿಲ್ಲ.

ಆಮೇಲೆ ನನಗೂ ವಯಸ್ಸಾಯಿತು. ಎಲಾಸ್ಟಿಕ್ ಸಡಿಲವಾಗಿ ನಡೆಯುವಾಗಲೇ ಮಡಚಿಕೊಳ್ಳತೊಡಗಿದೆ. ಹೊಸ ಕೋಲು ಬಂತು, ನಾನು ಖಾಯಂ ಆಗಿ ಮೊಳೆ ಸೇರಿದೆ. ಅಲ್ಲಿದ್ದಾಗಲೇ, ಡಿಸೆಂಬರಿನಲ್ಲಿ ಒಂದು ಕಾಗದ ಬಂತು. ಸಾಲೆಲ್ಲ ಸೊಟ್ಟ, ಕೆಲವು ಕಡೆ ಹಾಳೆ ತೂತು ಎಂದು ನಿಂಗರಾಜಯ್ಯ ಗೊಣಗಿದರು. ಆಮೇಲೆ ಓದಿದರು. ಒಂದು ಸಲವಲ್ಲ, ಆ ವಾರವಿಡೀ ಓದಿದರು. ಆದ್ದರಿಂದ ನನಗೂ ಬಾಯಿಪಾಠ.

"ನಿಂಗ, ದಿನಕ್ಕೊಂದು ಸಾಲಿನ ಹಾಗೆ ತುಟಿಯಲ್ಲಿ ಓದಲು ಕಲಿತೆ. ಅವರೆಕಾಯಿ ಎಲ್ಲೂ ಸಿಗಲಿಲ್ಲ. ನೀನು ಕೇಳಿದ್ದಕ್ಕೆ ನನ್ನ ಉತ್ತರ ಬೇಡ ಎಂದು. ಗೊತ್ತಿದ್ದ ಮನೆಯಲ್ಲೇ ದಿನಾ ಎಡವುತ್ತೇನೆ, ಇನ್ನೊಂದು ಮನೆ ಕಲಿಯುವ ಧೈರ್ಯ ಇಲ್ಲ. ಆದರೆ ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ. ಮೂರು ಹಾಳೆಯನ್ನೂ ಮತ್ತೆ ಮೊದಲಿನಿಂದ ಓದುತ್ತಿದ್ದೇನೆ. ಇನ್ನು ಬರೆಯುವಾಗ ಗಟ್ಟಿಯಾಗಿ ಚುಚ್ಚು. ತುಟಿಗೆ ಸಣ್ಣ ಚುಕ್ಕಿ ತಿಳಿಯುವುದಿಲ್ಲ."

ಬೇಡ ಎನಿಸಿಕೊಂಡ ಮೇಲೂ ಒಬ್ಬ ಮನುಷ್ಯ ಅಷ್ಟು ಹಗುರಾಗಿ ಉಸಿರು ಬಿಡುವುದನ್ನು ನಾನು ಕೇಳಿರಲಿಲ್ಲ. ಈಗ ಭಾನುವಾರ ಮಧ್ಯಾಹ್ನ ಅವರು ಬರೆಯಲು ಕೂರುತ್ತಾರೆ. ಒಂದೊಂದು ಚುಕ್ಕಿಗೂ ಹಲಗೆ ಟಣ್ ಎನ್ನುತ್ತದೆ. ಮೊನ್ನೆ ಪಕ್ಕದ ಮನೆಯಾಕೆ ಬಂದು, "ಅದೇನ್ರೀ ವಾರವಾರವೂ ಮೊಳೆ ಹೊಡೀತೀರಾ?" ಎಂದು ಕೇಳಿದರು. "ಸದ್ದಾಯ್ತೇನಮ್ಮ? ತಪ್ಪು ತಿಳ್ಕೋಬೇಡಿ, ಮೆಲ್ಲಗೆ ಹೊಡೆದ್ರೆ ತಲುಪೋದಿಲ್ಲ" ಎಂದು ಹೇಳಿ ಅವರು ಎರಡನೆಯ ಹಾಳೆ ಸಿಕ್ಕಿಸಿಕೊಂಡರು.