ಸ್ವೆಟರ್ ಮೇಲಿನ ಅಳತೆ

ಮೂಳೆ ಡಾಕ್ಟರನ್ನು ಆಸ್ಪತ್ರೆಯ ಗೇಟಿಗೆ ಹಾಕಿ ಕೆಲವು ವಾರಗಳಾಗಿದ್ದವು. ಮುರಿದ ಕೈಕಾಲು ಕೂಡಿಸುವವಳಿಗೆ ಉಸಿರಿನ ಉಸಾಬರಿ ಏಕೆ ಎಂದು ಕೇಳುವ ಕಾಲ ಅದಾಗಿರಲಿಲ್ಲ. ಸೋಂಕು ಊರಿಗೆ ಊರನ್ನೇ ಮಲಗಿಸಿತ್ತು. ಶ್ವಾಸಕೋಶ ಬಲ್ಲವರೆಲ್ಲ ಮೇಲಿನ ವಾರ್ಡುಗಳಲ್ಲಿದ್ದರು. ಕಣ್ಣು, ಚರ್ಮ, ಮೂಳೆ ನೋಡುವವರು ಸರದಿಯ ಮೇಲೆ ಗೇಟಿಗೆ ಬರುತ್ತಿದ್ದರು. ಕಾರು ನಿಲ್ಲಿಸುವ ಜಾಗದಲ್ಲಿ ತಗಡು ಹೊದಿಸಿ, ಅದರಡಿ ಒಂದು ಮೇಜು, ನಾಲ್ಕು ಬೆಂಚು ಹಾಕಿದ್ದರು. ಅದೇ ಈಗ ಅವಳ ವಿಭಾಗ.

ಕೆಲಸ ಹೇಳುವುದಕ್ಕೆ ಸುಲಭ. ಬಂದವರ ಬೆರಳಿಗೆ ಕ್ಲಿಪ್ಪು ಹಾಕಿ ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ನೋಡುವುದು, ಕೈಗೆ ಬಣ್ಣದ ಪಟ್ಟಿ ಕಟ್ಟುವುದು. ಹಸಿರು ಎಂದರೆ ಮನೆಗೆ. ಹಳದಿ ಎಂದರೆ ಬೆಂಚಿನಲ್ಲಿ ಕಾಯಬೇಕು. ಕೆಂಪು ಎಂದರೆ ಒಳಗೆ. ಆದರೆ ಪೈಪಿನಲ್ಲಿ ಆಮ್ಲಜನಕ ಬರುವ ಹಾಸಿಗೆ ಯಾರಿಗೆ ಎಂಬುದು ಗೇಟಿನವರ ಕೈಯಲ್ಲಿರಲಿಲ್ಲ. ಅದನ್ನು ತೀರ್ಮಾನಿಸುತ್ತಿದ್ದವರು ಮೂರನೆಯ ಮಹಡಿಯಲ್ಲಿ ಕೂತ ಅರಿವಳಿಕೆ ಡಾಕ್ಟರು. ಅವರು ರೋಗಿಯ ಮುಖ ನೋಡುತ್ತಿರಲಿಲ್ಲ, ಹೆಸರು ಕೇಳುತ್ತಿರಲಿಲ್ಲ. ಗೇಟಿನಿಂದ ಫೋನಿನಲ್ಲಿ ಅಂಕಿ ಹೋಗಬೇಕು, ಮೇಲಿನಿಂದ ಉತ್ತರ ಬರಬೇಕು. ಮುಖ ನೋಡಿ ಮಣೆ ಹಾಕುವುದು ಬೇಡವೆಂದು ಮಾಡಿಕೊಂಡ ಪದ್ಧತಿ ಅದು. ಇನ್ನೂ ಒಂದು ನಿಯಮವಿತ್ತು: ಒಮ್ಮೆ ಲಿಫ್ಟ್ ಹತ್ತಿ ಹಾಸಿಗೆ ಸೇರಿದವರನ್ನು ಚೇತರಿಸಿಕೊಳ್ಳುವ ತನಕ ಇನ್ನೊಬ್ಬರಿಗಾಗಿ ಎಬ್ಬಿಸುವಂತಿಲ್ಲ.

ಆ ಬೆಳಿಗ್ಗೆ ಸಾಮಾನು ಸಾಗಿಸುವ ಪುಟ್ಟ ಗಾಡಿಯೊಂದು ಗೇಟಿಗೆ ಬಂದಾಗ ಅವಳು ಮೊದಲು ಗುರುತಿಸಿದ್ದು ಓಡಿಸುತ್ತಿದ್ದ ತಮ್ಮನನ್ನು. ಫ್ರಿಜ್ಜು, ಪಂಪು ರಿಪೇರಿ ಮಾಡುವವನು, ಚಿಕ್ಕಮ್ಮನ ಮಗ. ಹಿಂದೆ ಹಾಸಿಗೆಯ ಮೇಲೆ ಚಿಕ್ಕಮ್ಮ ಕೂತಿದ್ದಳು, ಒಂದು ಕೈ ಗಾಡಿಯ ಪಟ್ಟಿಗೆ ಆನಿಸಿಕೊಂಡು. ತಾಯಿ ಸತ್ತ ಮೇಲೆ ಇವಳನ್ನು ಸಾಕಿದ್ದು, ಓದಿಸಿದ್ದು ಈ ಚಿಕ್ಕಮ್ಮ. ಹೊಲಿಗೆ ಮೆಷಿನ್ನಿನ ಪೆಡಲು ತುಳಿದು ತುಳಿದು ಅವಳ ಬಲಗಾಲಿನ ಮಂಡಿ ಸವೆದಿತ್ತು. ಆ ಮಂಡಿಗೆ ಮದ್ದು ಹುಡುಕುತ್ತಲೇ ಹುಡುಗಿ ಮೂಳೆ ಡಾಕ್ಟರಾದಳು ಎಂದು ಮನೆಯಲ್ಲಿ ತಮಾಷೆ ಮಾಡುವುದಿತ್ತು.

"ತಿಂಡಿ ತಿಂದ್ಯೇನೇ ಪುಟ್ಟಿ?" ಎಂದಳು ಚಿಕ್ಕಮ್ಮ. ಅಷ್ಟು ಹೇಳುವುದಕ್ಕೆ ಎರಡು ಸಲ ಉಸಿರೆಳೆದುಕೊಂಡಳು.

"ಮಾತಾಡ್ಬೇಡ ಚಿಕ್ಕಮ್ಮ. ಬೆರಳು ಕೊಡು."

"ಮಾತೂ ಬೇಡ ಅಂದ್ರೆ... ಇನ್ನೇನಕ್ಕೆ... ಈ ಬಾಯಿ."

ಎಂಬತ್ತೇಳು. ಕೆಂಪು. ಅವಳು ಫೋನ್ ಎತ್ತಿದಳು.

"ಸರ್, ಮೊದಲೇ ಹೇಳಿಬಿಡ್ತೀನಿ. ಇವರು ನಮ್ಮ ಚಿಕ್ಕಮ್ಮ."

ಆ ಕಡೆ ಕಾಗದ ಸರಿಸುವ ಸದ್ದು. "ಏನೋ ಅಂದ್ರಿ, ಕೇಳಿಸಲಿಲ್ಲ. ಅಂಕಿ ಹೇಳಿ."

"ಎಂಬತ್ತೇಳು. ವಯಸ್ಸು ಅರವತ್ತಮೂರು. ಉಸಿರು ನಿಮಿಷಕ್ಕೆ ಇಪ್ಪತ್ತೆಂಟು."

"ಪೈಪಿನ ಹಾಸಿಗೆ ಒಂದೇ ಒಂದು ಉಳಿದಿದೆ. ಬೇರೆ ಕೆಂಪು ಇದೆಯಾ?"

"ಸದ್ಯಕ್ಕೆ ಇಲ್ಲ."

"ಹಾಗಾದ್ರೆ ಕಳಿಸಿ."

ವಾರ್ಡಿನ ಆಳು ಚಿಕ್ಕಮ್ಮನನ್ನು ತಳ್ಳುಮಂಚಕ್ಕೆ ಹತ್ತಿಸಿಕೊಂಡು ಲಿಫ್ಟಿನ ಕಡೆ ಹೊರಟ. ತಮ್ಮನ ಮುಖದಲ್ಲಿ ರಕ್ತ ತಿರುಗಿ ಬಂತು. ಲಿಫ್ಟ್ ಮಾತ್ರ ಎಲ್ಲೋ ಮೇಲೆ ನಿಂತಿತ್ತು. ಕರೆದರೆ ಬರಲು ಆಮೆಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು ಅದು.

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಅದರಿಂದ ಇಳಿದವನು ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸದವನು. ಬೆರಳ ತುಂಬ ಸಣ್ಣ ಸಣ್ಣ ಹಳೆಯ ಗೀರುಗಳು. ಪಕ್ಕದಲ್ಲಿ ಹೆಂಡತಿ, ಎರಡು ಚೀಲ ಹಿಡಿದುಕೊಂಡು. ನರ್ಸ್ ಅವನನ್ನು ಆಂಬುಲೆನ್ಸಿನ ಬಾಗಿಲಲ್ಲೇ ತಡೆದು ಕ್ಲಿಪ್ಪು ಹಾಕಿದಳು.

"ತೊಂಬತ್ತೈದು, ಮೇಡಂ. ಹಳದಿ."

"ಒಳ್ಳೇದಲ್ವಾ ಡಾಕ್ಟರಮ್ಮ?" ಎಂದಳು ಹೆಂಡತಿ. "ಮನೇಲಿ ಇನ್ನೇನು ಹೋಗೇಬಿಟ್ರು ಅನ್ನೋ ಹಾಗಿದ್ರು. ದಾರೀಲಿ ಚೇತರಿಸಿಕೊಂಡ್ರು."

ಡಾಕ್ಟರ್ ತಲೆಯಾಡಿಸುವವಳಿದ್ದಳು. ಆಗ ಕಣ್ಣಿಗೆ ಬಿದ್ದದ್ದು ಅವನ ಕೆನ್ನೆ. ಎರಡೂ ಕೆನ್ನೆಯ ಮೇಲೆ, ಮೂಗಿನ ಬದಿಯಿಂದ ಕಿವಿಯ ತನಕ, ಒತ್ತಿ ಮೂಡಿದ ಕೆಂಪು ಗೆರೆ. ಬಿಗಿಯಾಗಿ ಕಟ್ಟಿದ ಆಮ್ಲಜನಕದ ಮಾಸ್ಕನ್ನು ಈಗಷ್ಟೇ ತೆಗೆದಿದ್ದಾರೆ.

ಹಾಗಾದರೆ ಈ ತೊಂಬತ್ತೈದು ಅವನದಲ್ಲ, ಸಿಲಿಂಡರಿನದು.

ಅವಳು ಎಲ್ಲಿ ನೋಡುತ್ತಿದ್ದಾಳೆ ಎಂಬುದನ್ನು ತಮ್ಮ ನೋಡುತ್ತಿದ್ದ. ದಿನವಿಡೀ ಸೋರುವ ಪೈಪು ಹುಡುಕುವವನಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಅವಳ ಹತ್ತಿರ ಬಂದು ದನಿ ತಗ್ಗಿಸಿದ.

"ಅಕ್ಕ, ಸಿಸ್ಟರ್ ನೋಡಿ ಹೇಳಿ ಆಯ್ತಲ್ಲ. ತೊಂಬತ್ತೈದು."

"ಹೂಂ."

"ನೀನು ಸುಳ್ಳು ಹೇಳು ಅಂತಿಲ್ಲ ನಾನು. ಏನೂ ಕೇಳಬೇಡ, ಅಷ್ಟೇ. ಲಿಫ್ಟ್ ಬರೋ ತನಕ."

ಕೇಳದಿದ್ದರೆ ಯಾರೂ ಅವಳನ್ನು ದೂರುವಂತಿರಲಿಲ್ಲ. ಕ್ಲಿಪ್ಪು ಹಾಕಿದ್ದು ನರ್ಸ್, ಅಂಕಿ ತೋರಿಸಿದ್ದು ಯಂತ್ರ, ಹಾಸಿಗೆ ಕೊಟ್ಟದ್ದು ಮೇಲಿನವರು. ಗಾಜಿನವನು ಬೆಂಚಿನಲ್ಲಿ ಕೂತು ಸ್ವಲ್ಪ ಹೊತ್ತಿಗೆ ಕುಸಿಯುತ್ತಿದ್ದ, ಅಷ್ಟರಲ್ಲಿ ಚಿಕ್ಕಮ್ಮ ಹಾಸಿಗೆ ಸೇರಿರುತ್ತಿದ್ದಳು.

ಹುಡುಗಿಯಾಗಿದ್ದಾಗ ಅವಳು ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳ ಅಳತೆ ತೆಗೆಯುತ್ತಿದ್ದಳು. ಒಂದು ಚಳಿಗಾಲ ಯಾರದೋ ಅಳತೆಯನ್ನು ಸ್ವೆಟರ್ ಮೇಲೆಯೇ ತೆಗೆದುಬಿಟ್ಟಳು. ಹೊಲಿದ ಅಂಗಿ ಅವನ ಮೈಮೇಲೆ ಗೋಣಿಚೀಲದಂತೆ ಜೋತುಬಿತ್ತು. ಟೇಪೇ ಸರಿಯಿಲ್ಲ ಎಂದು ಇವಳು ವಾದ ಹೂಡಿದಾಗ ಚಿಕ್ಕಮ್ಮ ಬಾಯಲ್ಲಿದ್ದ ಸೂಜಿ ತೆಗೆದು ಹೇಳಿದ್ದಳು: "ಟೇಪಿಗೇನು ಗೊತ್ತು? ಸ್ವೆಟರಿನ ಅಳತೆ ಕೇಳಿದೆ, ಸ್ವೆಟರಿನ ಅಳತೆ ಹೇಳಿತು. ಬಿಚ್ಚಿಸಬೇಕಾಗಿದ್ದವಳು ನೀನು."

ಅವಳು ಆಂಬುಲೆನ್ಸಿನ ಚಾಲಕನ ಕಡೆ ತಿರುಗಿದಳು. "ದಾರೀಲಿ ಆಮ್ಲಜನಕ ಕೊಟ್ರಾ?"

"ಕೊಡದೆ ಮತ್ತೆ?" ಎಂದ ಅವನು ಹೆಮ್ಮೆಯಿಂದ. "ಮನೆಯಿಂದ ಇಲ್ಲಿ ತನಕ ಪೂರ್ತಿ ಬಿಟ್ಕೊಂಡು ಬಂದೆ, ಮೇಡಂ. ಸರಿಯಾಗಿ ಗೇಟಿನ ಹತ್ರ ಖಾಲಿ ಆಯ್ತು. ಅವರ ಅದೃಷ್ಟ ನೋಡಿ."

ತಮ್ಮ ಮುಖ ತಿರುಗಿಸಿಕೊಂಡ.

"ಸಿಸ್ಟರ್, ಕ್ಲಿಪ್ಪು ಮತ್ತೆ ಹಾಕಿ. ಕೂರಿಸಿ. ಮಾಸ್ಕ್ ಕೈಯಲ್ಲೇ ಇರಲಿ."

ಗಾಜಿನವನು ಕೂತ. ತೊಂಬತ್ತಮೂರು. ಹೆಂಡತಿ ಇವಳನ್ನೂ ಯಂತ್ರವನ್ನೂ ನೋಡಿದಳು. ತೊಂಬತ್ತು. ಎಂಬತ್ತೆಂಟು. ಕಾರಿಡಾರಿನ ಆ ತುದಿಯಿಂದ ವಾರ್ಡಿನ ಆಳು ಕೂಗಿದ: "ಮೇಡಂ, ಲಿಫ್ಟ್ ಬಂತು."

"ಬಾಗಿಲು ಹಿಡ್ಕೊ. ಹತ್ತಿಸಬೇಡ."

ಎಂಬತ್ತೈದು. ಅವನ ತುಟಿಯ ಬಣ್ಣ ಬದಲಾಗುತ್ತಿತ್ತು. ಎಂಬತ್ತೆರಡು ಕಂಡಕೂಡಲೇ ಗೇಟಿನಲ್ಲಿದ್ದ ಸಣ್ಣ ಸಿಲಿಂಡರಿನ ಮಾಸ್ಕ್ ಹಾಕಿಸಿ ಅವಳು ಫೋನ್ ಎತ್ತಿದಳು.

"ಸರ್, ಇನ್ನೊಂದು ಕೆಂಪು. ದಾರಿಯುದ್ದ ಆಮ್ಲಜನಕದ ಮೇಲೆ ಬಂದಿದ್ದಾರೆ. ತೆಗೆದ ಸ್ವಲ್ಪ ಹೊತ್ತಿಗೇ ಎಂಬತ್ತೆರಡು, ಇನ್ನೂ ಇಳೀತಿತ್ತು. ವಯಸ್ಸು ನಲವತ್ತೊಂದು. ಉಸಿರು ನಲವತ್ತು."

"ಮೊದಲಿನ ಎಂಬತ್ತೇಳು ಲಿಫ್ಟ್ ಹತ್ತಿ ಆಯ್ತಾ?"

ಹೂಂ ಎಂದರೆ ಮುಗಿಯುತ್ತಿತ್ತು. ಲಿಫ್ಟಿನ ಬಾಗಿಲು ಮುಚ್ಚಲು ಹೋಗಿ ಆಳಿನ ಕಾಲಿಗೆ ತಗಲಿ ಮತ್ತೆ ತೆರೆದುಕೊಳ್ಳುವ ಸದ್ದು ಇಲ್ಲಿಗೂ ಕೇಳುತ್ತಿತ್ತು.

"ಇಲ್ಲ ಸರ್. ಬಾಗಿಲಲ್ಲಿದೆ."

ಅರಿವಳಿಕೆ ಡಾಕ್ಟರು ಎರಡೂ ಅಂಕಿಗಳನ್ನು ಒಮ್ಮೆ ಮೆಲ್ಲಗೆ ಹೇಳಿಕೊಂಡರು. "ಎರಡನೆಯದು ಮೇಲೆ ಕಳಿಸಿ. ಮೊದಲನೆಯದಕ್ಕೆ ಕಾರಿಡಾರಿನ ಮೆಷಿನ್. ಬೋರಲು ಮಲಗಿಸಿ. ಮುಂದೆ ಯಾವ ಹಾಸಿಗೆ ಖಾಲಿಯಾದ್ರೂ ಆ ಅಂಕಿ ಮತ್ತೆ ನನಗೆ ಬರಲಿ." ಆಮೇಲೆ, ಫೋನ್ ಇಡುವ ಮೊದಲು: "ಆಗ ನೀವು ಏನೋ ಅಂದ್ರಲ್ಲ. ಈಗಲೂ ನನಗೆ ಕೇಳಿಸಿಲ್ಲ."

ಅವಳು ತಾನೇ ಲಿಫ್ಟಿನ ತನಕ ನಡೆದು ಹೋದಳು. ಅಂಥ ಮಾತನ್ನು ಆಳಿನ ಕೈಲಿ ಹೇಳಿಕಳಿಸುವಂತಿರಲಿಲ್ಲ. ತಮ್ಮ ಹಿಂದೆಯೇ ಬಂದ.

"ನಮ್ಮಮ್ಮ ನಿನಗೆ ಅನ್ನ ಹಾಕಿದವಳು."

"ಹೌದು."

"ಹೌದು ಅಂತೀಯ. ಅಷ್ಟೇನಾ?"

"ಅಷ್ಟೇ ಅಲ್ಲ. ಉಳಿದದ್ದು ಆಮೇಲೆ ಬೈಯಿ, ನಿಂತು ಬೈಸ್ಕೊತೀನಿ. ಈಗ ಈ ಕಡೆ ಮಂಚ ಹಿಡಿ."

ಚಿಕ್ಕಮ್ಮ ಕಣ್ಣು ಬಿಟ್ಟಳು. "ಏನಂತೆ?"

"ಹಾಸಿಗೆ ಇನ್ನೊಬ್ಬರಿಗೆ ಬೇಕು, ಚಿಕ್ಕಮ್ಮ. ಅವರ ಅಳತೆ ಸ್ವೆಟರ್ ಮೇಲೆ ತಗೊಂಡುಬಿಟ್ಟಿದ್ವಿ."

ಚಿಕ್ಕಮ್ಮ ಅವಳನ್ನೇ ನೋಡುತ್ತ ಮಲಗಿದ್ದಳು. ಕಣ್ಣಲ್ಲಿ ಹೆದರಿಕೆ ಇತ್ತು. ಅದನ್ನು ಬಚ್ಚಿಡಲು ಅವಳು ಹೋಗಲಿಲ್ಲ.

"ಹಂಗಾದ್ರೆ... ಬಿಚ್ಚಿ ಹೊಲಿ," ಎಂದಳು. ಆಮೇಲೆ ಮಗನಿಗೆ, "ಲೋ, ನೀನು ಯಾಕೆ... ಹೆಣ ಹೊರೋನ ಹಾಗೆ ನಿಂತಿದ್ದೀಯ? ನಾನಿನ್ನೂ ಇದ್ದೀನಿ."

ಕಾರಿಡಾರಿನ ಕೊನೆಯಲ್ಲಿ, ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಸಣ್ಣ ಯಂತ್ರವೊಂದು ಗುರುಗುಟ್ಟುತ್ತಿತ್ತು. ಪೈಪಿನ ಬಲ ಅದಕ್ಕಿರಲಿಲ್ಲ. ಪಕ್ಕದ ಮಂಚದಲ್ಲಿ ಚಿಕ್ಕಮ್ಮನನ್ನು ಬೋರಲು ಮಲಗಿಸಿ, ಎದೆಯಡಿ ಒಂದು ದಿಂಬು, ಸೊಂಟದಡಿ ಒಂದು ದಿಂಬು ಇಟ್ಟರು. ನೋಯುವ ಮಂಡಿಯ ಕೆಳಗೆ ಡಾಕ್ಟರ್ ತಾನೇ ಬಟ್ಟೆ ಸುತ್ತಿ ಕೊಟ್ಟಳು.

"ಬೆನ್ನಿನ ಮೇಲೆ ತಿರುಗೋಕೆ ಬಿಡಬೇಡ, ಹೀಗಿದ್ರೇನೇ ಉಸಿರು ಒಳಗೆ ಇಳಿಯೋದು," ಎಂದಳು ತಮ್ಮನಿಗೆ. "ಬೈತಾಳೆ, ಅಳ್ತಾಳೆ, ಬಿಡಬೇಡ. ನಳಿಕೆ ಮಡಚಿಕೊಳ್ಳದ ಹಾಗೆ ನೋಡ್ಕೊ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಎಂಬತ್ತೈದಕ್ಕೆ ಇಳಿದ್ರೆ ಓಡಿ ಬಾ."

ಅವನು ಮೊಣಕಾಲೂರಿ ಕೂತು ನಳಿಕೆಯನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರಿ ನೋಡಿದ, ಜೋಡಣೆಯ ಜಾಗದಲ್ಲಿ ಕಿವಿಯಿಟ್ಟು ಕೇಳಿದ, ಸೋರುವ ಕಡೆ ಅಂಟುಪಟ್ಟಿ ಸುತ್ತಿದ.

ಗೇಟಿಗೆ ಮರಳಿದವಳು ನರ್ಸಿಗೆ ಹೇಳಿದಳು: "ಇನ್ನು ಮೇಲೆ ಕ್ಲಿಪ್ಪು ಹಾಕೋ ಮೊದಲು, ದಾರೀಲಿ ಏನು ಕೊಟ್ಟಿರಿ ಅಂತ ಕೇಳೋಣ. ಕೊಟ್ಟಿದ್ರೆ ಎರಡು ಅಂಕಿ: ಮಾಸ್ಕ್ ಇದ್ದಾಗ ಒಂದು, ತೆಗೆದ ಮೇಲೆ ಒಂದು."

"ಮಾಸ್ಕ್ ತೆಗೆಸಿದ್ರೆ ಜನ ಹೊಡೆಯೋಕೇ ಬರ್ತಾರೆ, ಮೇಡಂ."

"ಬರಲಿ. ನಾನು ನಿಮ್ಮ ಮುಂದೆ ನಿಲ್ತೀನಿ."

ಮಧ್ಯಾಹ್ನದ ಹೊತ್ತಿಗೆ ತಮ್ಮ ಗೇಟಿಗೆ ಬಂದ. ಓಡಿ ಬಂದಿರಲಿಲ್ಲ, ನಡೆದು ಬಂದಿದ್ದ. ಅದನ್ನು ನೋಡಿಯೇ ಅವಳಿಗೆ ಅರ್ಧ ಉಸಿರು ಬಂತು.

"ತೊಂಬತ್ತು," ಎಂದ, ಅವಳ ಮುಖ ನೋಡದೆ. "ಒಂದು ಸಲ ಎಂಬತ್ತಾರಕ್ಕೆ ಹೋಗಿತ್ತು. ವಾಪಸ್ ಬಂತು."

"ಅಲ್ಲಿಂದ ಕದಲಬೇಡ."

"ಕದಲಲ್ಲ." ಹೊರಟವನು ನಿಂತ. "ಬೋರಲು ಮಲಗಿರೋದ್ರಿಂದ ಅವಳಿಗೆ ಎಲ್ಲರ ಕಾಲು ಮಾತ್ರ ಕಾಣೋದು. ನಿನ್ನ ಗೌನಿನ ಅಂಚು ಬಿಚ್ಚಿ ನೇತಾಡ್ತಿದೆಯಂತೆ. ಹಾಗೇ ಊರೆಲ್ಲ ಓಡಾಡ್ತಿದ್ದಾಳೆ, ನನ್ನ ಮಾನ ಕಳೀತಾಳೆ ಅಂದ್ಲು."

ಅವಳು ಬಗ್ಗಿ ನೋಡಿದಳು. ಅಂಚು ಬಿಚ್ಚಿತ್ತು. ಅಷ್ಟರಲ್ಲಿ ಇನ್ನೊಂದು ಆಂಬುಲೆನ್ಸ್ ಗೇಟಿನೊಳಗೆ ತಿರುಗಿತು. ಮುದುಕರೊಬ್ಬರು, ಮುಖಕ್ಕೆ ಮಾಸ್ಕ್, ಮೇಲೆ ಮಗನ ಕೈ ಒತ್ತಿ ಹಿಡಿದಿತ್ತು.

"ಇದನ್ನು ಸ್ವಲ್ಪ ಹೊತ್ತು ತೆಗೀಬೇಕು," ಎಂದಳು.

"ತೆಗೆಯೋದಾ? ನೀವೇನು ಮನುಷ್ಯರಾ?"

"ಹೌದು," ಎಂದಳು ಅವಳು. ಕ್ಲಿಪ್ಪನ್ನು ಮುದುಕರ ಬೆರಳಿಗೆ ಹಾಕಿ, ಅವರ ಇನ್ನೊಂದು ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು. "ಅಂಕಿ ಇಳಿದ್ರೆ ನಾನೇ ವಾಪಸ್ ಹಾಕ್ತೀನಿ. ಇಲ್ಲೇ ನಿಂತಿರ್ತೀನಿ. ನೀವೂ ನಿಂತು ನೋಡಿ."