ಆರನೆಯ ಹಲ್ಲು

ನಾನು ಹಲ್ಲು ಮಾಡುವವಳು. ಊರಿನ ಅರ್ಧ ಜನ ನನ್ನ ಕೆಲಸವನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಾರೆ, ಒಬ್ಬರಿಗೂ ನನ್ನ ಮುಖ ಗೊತ್ತಿಲ್ಲ. ದಂತವೈದ್ಯರು ಪ್ಲಾಸ್ಟರಿನ ಅಚ್ಚು ಮತ್ತು ಒಂದು ಚೀಟಿ ಕಳಿಸುತ್ತಾರೆ. ಚೀಟಿಯಲ್ಲಿ ಹೆಸರಿರುವುದಿಲ್ಲ, ನಂಬರ್ ಮತ್ತು ಬಣ್ಣದ ಶೇಡ್ ಅಷ್ಟೇ. ನಾನು ಹಿಂದಿನ ಕೋಣೆಯಲ್ಲಿ ಕುಲುಮೆಯ ಪಕ್ಕ ಕೂತು, ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿ ಪದರಗಳನ್ನು ಬೇಯಿಸಿ ಕಳಿಸುತ್ತೇನೆ. ವಿನೀರ್ ಅನ್ನುತ್ತಾರೆ, ಉಗುರಿನಷ್ಟು ತೆಳ್ಳಗೆ. ಮಾತಾಡಿಸುವವರಿಲ್ಲದ ಕೆಲಸ. ನನ್ನಂಥ ನಾಲಿಗೆಯವಳಿಗೆ ಇದೇ ಸರಿ ಅಂದುಕೊಂಡಿದ್ದೆ.

ಕಳೆದ ತಿಂಗಳು ಒಂದು ಡಬ್ಬಿ ಬಿಚ್ಚಿದವಳು ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಚ್ಚಿನಲ್ಲಿ ಮೇಲಿನ ಎಡ ಮುಂಹಲ್ಲಿನ ಮೂಲೆ ಓರೆಯಾಗಿ ಮುರಿದಿತ್ತು, ಅದೇ ಬದಿಯ ಕೋರೆಹಲ್ಲು ಜಾಗ ಸಾಲದೆ ಮೇಲೇರಿ ಕೂತಿತ್ತು. ಆ ಮೂಲೆ ಮುರಿದವಳು ನಾನೇ. ಮೆಟ್ಟಿಲ ಮೇಲೆ ಜಗಳವಾಡಿ ತಂಗಿಯನ್ನು ನೂಕಿದ್ದೆ, ಆಗ ಅವಳಿಗೆ ಹತ್ತು ವರ್ಷ. ಸದಾ ಕಿಲಕಿಲ ಅನ್ನುತ್ತಿದ್ದಳೆಂದು ಮನೆಯಲ್ಲಿ ಅವಳನ್ನು ಗಿಲಕಿ ಎಂದೇ ಕರೆಯುತ್ತಿದ್ದೆವು.

ಗಿಲಕಿ ನನ್ನೊಡನೆ ಮಾತು ಬಿಟ್ಟು ಒಂಬತ್ತು ವರ್ಷ. ಅಮ್ಮ ತೀರಿಕೊಂಡ ದಿನ, ನೆಂಟರೆಲ್ಲರ ಎದುರು, "ಈಗ ಅಳೋಕೆ ಬಂದ್ಯಾ?" ಎಂದುಬಿಟ್ಟಿದ್ದೆ. ಅವಳು ಚಪ್ಪಲಿ ಮೆಟ್ಟಿ ಹೊರಟಳು. ಆಮೇಲೆ ಫೋನ್ ನಂಬರೂ ಬದಲಾಯಿತು, ಮನೆಯೂ ಬದಲಾಯಿತು.

ಕ್ಲಿನಿಕ್ಕಿಗೆ ಸೀದಾ ಹೋಗಿ ನಿಲ್ಲಬಹುದಿತ್ತು. ಧೈರ್ಯ ಬರಲಿಲ್ಲ. ನನ್ನನ್ನು ಕಂಡು ಮುಖ ತಿರುಗಿಸಿ ಹೋದರೆ? ಕೆಲಸದ ನೆಪವೊಂದು ಬೇಕಿತ್ತು. ವಿನೀರನ್ನು ಅಂಟಿಸುವ ಮುಂಚೆ ಹಲ್ಲಿನ ಮೇಲೆ ಸುಮ್ಮನೆ ಇಟ್ಟು ನೋಡುವುದು ಪದ್ಧತಿ. ಬಣ್ಣ ಹೊಂದದಿದ್ದರೆ ಮಾಡಿದವರನ್ನೇ ಕರೆಸುತ್ತಾರೆ, ನನಗೆ ಮಾತ್ರ ಇದುವರೆಗೆ ಆ ಕರೆ ಬಂದಿರಲಿಲ್ಲ. ನಾವು ಎದುರು ಕೂತು ಕಿಟಕಿಯ ಬೆಳಕಿನಲ್ಲಿ ನೋಡಿ ಸರಿಮಾಡಬೇಕು. ಬಾಯಿ ತೆರೆದು ಕೂತವಳು ಅಷ್ಟು ಸುಲಭವಾಗಿ ಎದ್ದು ಹೋಗುವುದಿಲ್ಲ ಎಂದು ಲೆಕ್ಕ ಹಾಕಿದೆ.

ಇಪ್ಪತ್ತಾರು ವರ್ಷದಲ್ಲಿ ಮಾಡದ್ದನ್ನು ಮಾಡಿದೆ. ಚೀಟಿಯಲ್ಲಿ ಕೇಳಿದ್ದ ಆರು ಪದರಗಳಲ್ಲಿ ಐದಕ್ಕೆ ಜೀವ ತೇಯ್ದೆ. ಆರನೆಯದನ್ನು, ಆ ಮುಂಹಲ್ಲಿನದನ್ನೇ, ಬೇಕೆಂದೇ ಎರಡು ಶೇಡ್ ಹಳದಿ ಮಾಡಿ ಕಳಿಸಿದೆ. ಒಂದು ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕಿಟ್ಟೆ. ಹೇಳಬೇಕಾದದ್ದನ್ನು ಕುಲುಮೆಯ ಎದುರು ಹತ್ತು ಸಲ ಹೇಳಿ ನೋಡಿದೆ. "ತಪ್ಪಾಯ್ತು ಕಣೇ" ಎಂಬುದರ ಆಚೆ ಏನೂ ಹೊಳೆಯಲಿಲ್ಲ.

ಗುರುವಾರ ಡಾಕ್ಟರ ಫೋನ್ ಬಂತು.

"ಮೇಡಂ, ಒಂದು ಹಲ್ಲು ಹಳದಿ ಬಂದಿತ್ತಲ್ಲ? ನಿಮ್ಮ ಕೆಲಸ ಯಾವತ್ತೂ ಹೀಗಿರಲ್ಲ."

"ನಂದೇ ತಪ್ಪು ಡಾಕ್ಟ್ರೇ. ಈಗ್ಲೇ ಬರ್ತೀನಿ, ಅವರನ್ನ ಸ್ವಲ್ಪ ಕೂರಿಸ್ಕೊಂಡಿರಿ."

"ಅವರು ಆಗ್ಲೇ ಹೋದ್ರು. ವಾಪಸ್ ಕಳಿಸಿ ಬೇರೆ ಮಾಡಿಸೋಣ ಅಂದೆ, ಒಪ್ಪಲೇ ಇಲ್ಲ. 'ಪಾಪ, ಮಾಡಿದವರು ಬೈಸ್ಕೋತಾರೆ, ಇರ್ಲಿ ಅಂಟಿಸ್ಬಿಡಿ' ಅಂದ್ರು. ಅಂಟಿಸ್ಬಿಟ್ಟೆ. ಕನ್ನಡಿ ನೋಡ್ಕೊಂಡು ನಗ್ತಾನೇ ಹೋದ್ರು."

ಒಮ್ಮೆ ಅಂಟಿಸಿದ ವಿನೀರನ್ನು ಒಡೆಯದೆ ತೆಗೆಯಲಾಗುವುದಿಲ್ಲ. ಫೋನಿಟ್ಟು, ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ಅತ್ತೆ. ಇನ್ನು ಹತ್ತು ಹದಿನೈದು ವರ್ಷ ಅವಳು ನಕ್ಕಾಗಲೆಲ್ಲ ಆ ಹಳದಿ ಹಲ್ಲು ಎದುರಿಗಿದ್ದವರಿಗೆಲ್ಲ ಕಾಣುತ್ತದೆ. ನನಗೊಬ್ಬಳಿಗೆ ಕಾಣುವುದಿಲ್ಲ.