ಮಿಕ್ಕ ಮೂರು ಫ್ರೇಮು

ಹಳೆಯ ವಿಡಿಯೊಗಳನ್ನು ತಿಳಿಗೊಳಿಸುವ ತಂತ್ರಾಂಶವೊಂದನ್ನು ನಾವು ಕೆಲವರು ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟಿದ್ದೇವೆ. ಅದು ಆಮೆಯಂತೆ ತೆವಳುತ್ತಿತ್ತು. ವಿಡಿಯೊದ ಫ್ರೇಮುಗಳನ್ನು, ಅಂದರೆ ಅದರ ಬಿಡಿಬಿಡಿ ಚಿತ್ರಗಳನ್ನು, ಕಂಪ್ಯೂಟರಿನೊಳಗೆ ಒಟ್ಟಿಗೆ ದುಡಿಯುವ ನಾಲ್ಕು ಕೋರ್‌ಗಳಿಗೆ ಸಮನಾಗಿ ಹಂಚಿ ನಾನು ವೇಗ ಹೆಚ್ಚಿಸಿದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಒಬ್ಬರು ದೂರು ಬರೆದರು: ಕೊನೆಯ ಎರಡು ಮೂರು ಫ್ರೇಮು ತಿಳಿಯಾಗುವುದೇ ಇಲ್ಲ.

‘ನಿಮ್ಮ ಫೈಲೇ ಸರಿಯಿಲ್ಲ’ ಎಂದು ಖಾರವಾಗಿ ಉತ್ತರಿಸಿದೆ. ಮರುದಿನ ಅದೇ ದೂರು ಇನ್ನೂ ಮೂವರಿಂದ ಬಂತು.

ಮಧ್ಯಾಹ್ನ ಊಟ ಮುಗಿಸಿ, ನನ್ನ ತಟ್ಟೆ ತೊಳೆದಿಟ್ಟು, ಅತ್ತೆಯ ಮುಂದೆ ಗೊಣಗಿದೆ. ‘ನಾಲ್ಕು ಜನಕ್ಕೂ ಒಂದೇ ಸಮ ಹಂಚಿದೀನಿ ಅತ್ತೆ. ಯಾರೂ ಕಳ್ಳಾಟ ಆಡ್ತಿಲ್ಲ. ಆದ್ರೂ ಕೊನೇದು ಹಾಗೇ ಉಳಿಯುತ್ತಂತೆ!’

‘ಸಮವಾಗಿ ಹಂಚಿದ ಮೇಲೆ ಮಿಕ್ಕಿದ್ದು ಯಾರ ಪಾಲಿಗಮ್ಮಾ?’ ಎಂದು ಕೇಳಿ ಅವರು ಒಳಗೆ ಹೋದರು.

ಕೂತು ಲೆಕ್ಕ ಹಾಕಿದೆ. ಹತ್ತೊಂಬತ್ತು ಫ್ರೇಮಿದ್ದರೆ ತಲೆಗೆ ನಾಲ್ಕು. ಉಳಿದ ಮೂರನ್ನು ಕೇಳುವವರಿಲ್ಲ. ಅವನ್ನು ಕೊನೆಯ ಕೋರ್‌ಗೆ ವಹಿಸುವ ಒಂದೇ ಸಾಲು ಸೇರಿಸಿದೆ. ದೂರಿದವರ ಕ್ಷಮೆಯನ್ನೂ ಕೇಳಿದೆ.

ಇಷ್ಟು ಬೇಗ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಲು ಅಡುಗೆಮನೆಗೆ ಹೋದೆ.

ಅವರವರ ತಟ್ಟೆ ಅವರವರೇ ತೊಳೆಯಬೇಕೆಂಬುದು ಈ ಮನೆಗೆ ನಾನೇ ತಂದ ನಿಯಮ. ನಾಲ್ಕು ತಟ್ಟೆಗಳೂ ಫಳಫಳ ಹೊಳೆಯುತ್ತಿದ್ದವು. ಸಿಂಕಿನ ಮುಂದೆ ನಿಂತು ಅತ್ತೆ, ಆರು ವರ್ಷದಿಂದ ಉಜ್ಜುತ್ತಿರುವಂತೆಯೇ, ಬಾಣಲೆಯ ತಳ ಉಜ್ಜುತ್ತಿದ್ದರು.